ದೊರೆ ಸರಿದ ದಿಬ್ಬ

ಬೆಳ್ಳಕ್ಕಿಕೆರೆಯ ಏರಿ ದಾಟಿ ಬಡಗಣಕ್ಕೆ ಹೊರಟರೆ ಬಿಳಿ ಕಲ್ಲುಗಳ ಒಂದು ಸಾಲು ಸಿಗುತ್ತದೆ. ಜಾಲಿ ಬರಲಿ, ಹಳ್ಳ ಬರಲಿ, ಯಾವುದಕ್ಕೂ ಬಳುಕದೆ ನೆಟ್ಟಗೆ ಹೋಗಿ ಪುಟ್ಟ ದಿಬ್ಬವೊಂದರ ನೆತ್ತಿಯನ್ನೇ ಏರಿ ಆಚೆ ಇಳಿಯುತ್ತದೆ. ನೆತ್ತಿಯ ಪಕ್ಕದಲ್ಲೊಂದು ವೀರಗಲ್ಲು. ಬೇರೆ ಕಡೆಯ ವೀರರಿಗೆ ಕುದುರೆ, ಕತ್ತಿ, ಹುರಿಮೀಸೆ ಎಲ್ಲ ಇರುತ್ತವೆ. ಇವನಿಗಿರುವುದು ತಲೆಯ ಮೇಲೊಂದು ಉಂಡೆ, ಅಷ್ಟೇ. ಪೇಟೆಯಿಂದ ಬಂದವರು ಅದನ್ನು ಇಡ್ಲಿ ಎಂದೂ ಲಾಡು ಎಂದೂ ನಕ್ಕು ಫೋಟೊ ತೆಗೆದುಕೊಳ್ಳುತ್ತಾರೆ. ನಗಲಿ, ಪಾಪ. ಕಥೆ ಕೇಳಿದ ಮೇಲೆ ಅವರೇ ಚಪ್ಪಲಿ ಕಳಚಿಟ್ಟು ಮತ್ತೊಮ್ಮೆ ದಿಬ್ಬ ಹತ್ತುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಗೆ ಕೇತಮಲ್ಲನೆಂಬ ನಾಡಪ್ರಭು ಇದ್ದನಂತೆ. ದೊರೆ ಎಲ್ಲೋ ದೂರದ ರಾಜಧಾನಿಯಲ್ಲಿ. ಜನಕ್ಕೆ ಅವನ ಹೆಸರು ಗೊತ್ತು, ಮುಖ ಗೊತ್ತಿಲ್ಲ. ಯುದ್ಧ ಬಂದರೆ ಮನೆಗೊಬ್ಬ ಆಳನ್ನು ಕೂಡಿಸಿಕೊಂಡು ಮುಂದೆ ನಡೆಯುವವನು ಕೇತಮಲ್ಲ, ಜಗಳ ಬಂದರೆ ಆಲದಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವವನೂ ಅವನೇ. ದೊರೆಗೆ ಅವನು ನಾಡಿನ ಬಾಯಿ, ನಾಡಿಗೆ ಅವನು ದೊರೆಯ ಕೈ. ಎರಡೂ ಕಡೆಯಿಂದ ಬೈಸಿಕೊಳ್ಳುವ ಉದ್ಯೋಗ ಎಂದರೂ ತಪ್ಪಲ್ಲ. ಗಡಿಯ ತಕರಾರು ಬಂದಾಗ ಗಡಿ ನಡೆಯಬೇಕಾದವನೂ ಅವನೇ. ಕೆರೆಯ ತಳದ ಹಸಿಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು, ಕೈ ತಾಗಿಸದೆ, ಎಲ್ಲೂ ನಿಲ್ಲದೆ ಅವನು ನಡೆದ ದಾರಿಯೇ ಗಡಿ. ಹೆಂಟೆ ಬಿದ್ದರೆ ನಡೆದದ್ದು ಸುಳ್ಳು. ನೆಲ ಎದುರಾಳಿಗೆ, ನಡೆದವನ ವಂಶ ಮಣ್ಣಿಗೆ ಎನ್ನುತ್ತಾರೆ.

ಹೀಗಿರುವಾಗ ದೊರೆಯ ದಂಡನಾಯಕ ಬಾಚರಸನ ಕಣ್ಣು ಬೆಳ್ಳಕ್ಕಿಕೆರೆಯ ಮೇಲೆ ಬಿತ್ತು. ಕೆರೆ ದೊರೆಯ ಕಾಡಿಗೆ ಸೇರಿದ್ದು, ಇನ್ನು ಮೇಲೆ ಅದು ಆನೆಗಳಿಗೆ ಎಂದ. ಆ ಕೆರೆ ಹೋದರೆ ಸುತ್ತಲ ಹಳ್ಳಿಗಳು ಗುಳೆ ಏಳುವುದೊಂದೇ ದಾರಿ. "ಕೆರೆಯ ಈಚೆಗೆ ನಡೆದುಬಿಡು ಕೇತಮಲ್ಲ, ಪಕ್ಕದ ನಾಡೂ ನಿನ್ನದೇ" ಎಂದು ಕಿವಿಯಲ್ಲಿ ಊದಿದನಂತೆ. ಕೇತಮಲ್ಲ ಹೂಂ ಎನ್ನಲಿಲ್ಲ. ಆಗ ಬಾಚರಸ ಇನ್ನೊಂದು ಉಪಾಯ ಹೂಡಿದ. ಗಡಿ ನಡಿಗೆ ನೋಡಲೆಂದು ದೊರೆಯನ್ನೇ ಕರೆತಂದು, ಹಳೆಯ ಗಡಿ ಹಾಯುವ ಈ ದಿಬ್ಬದ ನೆತ್ತಿಯ ಮೇಲೆ, ಬೆಳ್ಗೊಡೆಯ ಕೆಳಗೆ ನಿಲ್ಲಿಸಿದ. ದೊರೆಯ ಎದುರು ಬಗ್ಗದಿದ್ದರೆ ತಲೆ ಹೋಗುತ್ತದೆ. ಬಗ್ಗಿದರೆ ಹೆಂಟೆ ಬಿದ್ದು ಕೆರೆ ಹೋಗುತ್ತದೆ. ಬೋನು ಸಿದ್ಧವಾಗಿತ್ತು.

ಹೆಂಟೆ ಹೊರಿಸಬೇಕಾದವಳು ಊರಿನ ಹಿರಿಯಳು, ಕೇತಮಲ್ಲನನ್ನೇ ಹುಟ್ಟಿದಾಗ ಕೈಗೆತ್ತಿಕೊಂಡ ಸೂಲಗಿತ್ತಿ ಚಾಮವ್ವ. "ಒಸಿ ಬಗ್ಗಪ್ಪಾ, ತೆಂಗಿನ ಮರ ಬೆಳೆದಂಗೆ ಬೆಳೆದುಬುಟ್ಟಿದೀಯ" ಎಂದಳು. ಜನ ಕಿಸಕ್ಕೆಂದರು. ಹೆಂಟೆ ಕೂರಿಸಿ, ದಿಬ್ಬದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಇನ್ನು ಬಗ್ಗಬ್ಯಾಡ ಮಗಾ. ಎದುರಿಗೆ ಯಾರಾದ್ರೂ ಇರಲಿ."

ಕೇತಮಲ್ಲ ನಡೆದ. ನೆಲ ನೋಡುವಂತಿಲ್ಲ, ಅವನಿಗೆ ಕಂಡದ್ದು ಆಕಾಶ, ಅದರೊಳಗೊಂದು ಬೆಳ್ಗೊಡೆ. ದಾರಿಯನ್ನು ಪಾದಗಳೇ ತಡವಿ ಹುಡುಕಿಕೊಂಡವು. ಹೆಂಟೆಯ ನೀರು ಹಣೆಗಿಳಿದು ಮೂಗಿನ ತುದಿಯಲ್ಲಿ ತೂಗಾಡಿತು, ಒರೆಸುವಂತಿಲ್ಲ. ನಾಡಿಗೆಲ್ಲ ಪ್ರಭು, ತನ್ನ ಮೂಗಿಗೆ ಅಲ್ಲ! ತೊಟ್ಟಿಲಲ್ಲಿದ್ದ ಮಗನ ನೆನಪಾಯಿತು, ಆದರೂ ಕತ್ತು ಅಲುಗಲಿಲ್ಲ. ದಿಬ್ಬ ಏರಿದ. ದೊರೆಗೂ ಅವನಿಗೂ ನಡುವೆ ಒಂದು ಮಾರು ಉಳಿದಾಗ ಬಾಚರಸ ಕತ್ತಿ ಹಿರಿದು ಕೂಗಿದ, "ಬಗ್ಗೋ! ಎದುರಿಗೆ ದೊರೆ!" ಕೇತಮಲ್ಲ ನಿಲ್ಲದೆಯೇ ಹೇಳಿದ: "ಮಹಾಸ್ವಾಮೀ, ಈ ತಲೆ ಈಗ ನನ್ನದಲ್ಲ, ಕೆರೆಯದು. ಬಗ್ಗಲಾರೆ."

ದೊರೆ ಆ ಹೆಂಟೆಯನ್ನು ನೋಡಿದ. ಹಿಂದೆ ಬರುತ್ತಿದ್ದ ಜನರನ್ನೂ ನೋಡಿದ. ಮುದುಕರು, ಹೆಂಗಸರು, ಮಕ್ಕಳು ಎಲ್ಲರೂ ತಮ್ಮ ತಲೆಯ ಮೇಲೂ ಒಂದೊಂದು ಹೆಂಟೆ ಇದೆಯೋ ಎಂಬಂತೆ ಕತ್ತು ನೆಟ್ಟಗೆ ಮಾಡಿ ಬರುತ್ತಿದ್ದರು. ದೊರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಕೊಡೆ ಹಿಡಿದವನು ಕಕ್ಕಾಬಿಕ್ಕಿಯಾಗಿ ನಿಂತಲ್ಲೇ ನಿಂತ. ದೊರೆ ಬಿಸಿಲಿಗೆ ಬಿದ್ದ. ಬೆಳ್ಗೊಡೆಯ ನೆರಳು ಒಂದು ಗಳಿಗೆ ಆ ಮಣ್ಣಿನ ಹೆಂಟೆಯ ಮೇಲೆ ಬಿತ್ತು. ಗಾಳಿಯೂ ಆಡಲಿಲ್ಲ ಎನ್ನುತ್ತಾರೆ.

ಗಡಿ ಮುಗಿಸಿ, ಹೆಂಟೆಯನ್ನು ಕೆರೆಗೇ ಬಿಟ್ಟು, ಕೇತಮಲ್ಲ ಓಡಿ ಬಂದು ದೊರೆಯ ಕಾಲ ಬಳಿ ಉದ್ದಂಡ ಬಿದ್ದ. "ಈಗ ತಲೆ ನನ್ನದು ಸ್ವಾಮೀ, ತೆಗೆದುಕೊಳ್ಳಿ." ದೊರೆ ಅವನನ್ನು ಎಬ್ಬಿಸಿ, "ಬಗ್ಗುವವರಿಗೆ ನನ್ನಲ್ಲಿ ಬರವಿಲ್ಲ ಕೇತಮಲ್ಲ" ಎಂದಷ್ಟೇ ಹೇಳಿ, ಬಾಚರಸನ ಕಡೆ ತಿರುಗಿಯೂ ನೋಡದೆ ಆನೆ ಹತ್ತಿದನಂತೆ. ಕೆರೆ ಊರಿಗೆ ಉಳಿಯಿತು. ಅವನು ನಡೆದ ದಾರಿಯುದ್ದಕ್ಕೂ ಜನ ಬಿಳಿ ಕಲ್ಲು ನೆಟ್ಟರು. ಎಷ್ಟೋ ಕಾಲದ ಮೇಲೆ ಅದೇ ದೊರೆಯ ಪರವಾಗಿ ಮನೆಗೊಬ್ಬ ಆಳನ್ನು ಕರೆದುಕೊಂಡು ಹೋದ ಕೇತಮಲ್ಲ ಕಾಳಗದಲ್ಲಿ ಮಡಿದ. ಜನ ಈ ಕಲ್ಲು ನಿಲ್ಲಿಸಿದರು.

ಇಂದಿಗೂ ಹೋದವರು ಕಲ್ಲಿನ ತೀರ ಮೇಲ್ತುದಿಯ ಕೆತ್ತನೆಯ ಪಟ್ಟಿಕೆಯನ್ನು ನೋಡಬೇಕು. ಅದು ಮಡಿದ ವೀರ ಸೇರುವ ಕೈಲಾಸ. ಉಳಿದ ವೀರಗಲ್ಲುಗಳಲ್ಲಿ ಲಿಂಗ ನಡುಮಧ್ಯೆ ಇರುತ್ತದೆ, ವೀರ ಪಕ್ಕದಲ್ಲಿ ಕೈಮುಗಿದು ಕೂತಿರುತ್ತಾನೆ. ಇಲ್ಲಿ ಕೇತಮಲ್ಲ ನಡುವೆ ನಡೆದು ಬರುತ್ತಿದ್ದಾನೆ, ತಲೆಯ ಮೇಲೆ ಹೆಂಟೆ, ಕತ್ತು ನೆಟ್ಟಗೆ. ಲಿಂಗ ಕಲ್ಲಿನ ಅಂಚಿನಲ್ಲಿದೆ. ಶಿವನೂ ಸ್ವಲ್ಪ ಸರಿದು ದಾರಿ ಬಿಟ್ಟಿದ್ದಾನೆ.