ಗರಿನೊಣ ಕೊಟ್ಟ ಎಚ್ಚರಿಕೆ

ಬೇಸಿಗೆಯ ಕೊನೆಗೆ ಬೆಟ್ಟದ ಹೊಳೆ ಇಳಿದು ತಿಳಿಯಾಗಿತ್ತು. ಅದರ ಮಡುವಿನಲ್ಲಿದ್ದ ಮುದಿ ಟ್ರೌಟ್ ಮೀನಿಗೆ ಎಲ್ಲದರ ಮೇಲೂ ಗುಮಾನಿ. ಗಾಳದ ಹುಸಿನೊಣಗಳನ್ನು ಕಂಡು ಕಂಡು, ಈಗ ಅದು ನಿಜವಾದ ನೊಣವನ್ನೂ ಸುತ್ತು ಹಾಕಿ ನೋಡಿಯೇ ತಿನ್ನುತ್ತಿತ್ತು.

ಒಂದು ಮಧ್ಯಾಹ್ನ ದಡದ ಹುಲ್ಲಿನಿಂದ ಮಿಡತೆಯೊಂದು ಜಾರಿ ನೀರಿಗೆ ಬಿದ್ದು ಕಾಲು ಬಡಿಯತೊಡಗಿತು. ಅದರ ಪಕ್ಕದಲ್ಲೇ ಒಂದು ನೊಣ ಮೆಲ್ಲಗೆ ಬಂದು ಕೂತಿತು. ಹುಂಜದ ಗರಿಗೆ ನೂಲು ಸುತ್ತಿ, ಒಳಗೆ ಕೊಕ್ಕೆ ಅಡಗಿಸಿ, ಗಾಳ ಹಾಕುವವನೊಬ್ಬ ಮಾಡಿದ ನೊಣ ಅದು.

“ಅಜ್ಜಾ, ಆ ಮಿಡತೆಯನ್ನು ನಂಬಬೇಡ,” ಎಂದಿತು ಗರಿನೊಣ. “ಅದು ಒದ್ದಾಡುವ ಪರಿ ನೋಡು. ಯಾರೋ ದಾರ ಕಟ್ಟಿ ಆಡಿಸುತ್ತಿದ್ದಾರೆ.”

“ನನಗೂ ಹಾಗೇ ಅನ್ನಿಸಿತ್ತು,” ಎಂದಿತು ಟ್ರೌಟ್. “ಆದರೆ ನೀನು ಯಾಕೆ ಒದ್ದಾಡುತ್ತಿಲ್ಲ?”

“ನನ್ನನ್ನು ಆಡಿಸುವವರು ಯಾರೂ ಇಲ್ಲವಲ್ಲ!”

“ಹಾಗಾದರೆ ಈ ಹೊಳೆಯಲ್ಲಿ ಅಸಲಿ ಅಂದರೆ ನೀನೊಬ್ಬನೇ,” ಎಂದು ಟ್ರೌಟ್ ಅದನ್ನು ಗುಳುಂ ಮಾಡಿತು. ದಾರ ಬಿಗಿಯಾಯಿತು.

ಮಿಡತೆ ಕಾಲು ಬಡಿಯುತ್ತಲೇ ಹೇಗೋ ದಡ ಸೇರಿತು. ಅಲ್ಲಿ ಹುಲ್ಲಿನ ಮೇಲೆ ಟ್ರೌಟ್ ಬಾಲ ಬಡಿಯುತ್ತ ಹೊರಳಾಡುತ್ತಿತ್ತು. ಮಿಡತೆ ಹತ್ತಿರ ಹೋಗಲಿಲ್ಲ. ದೂರದಲ್ಲೇ ನಿಂತು ಕೇಳಿತು:

“ಅಜ್ಜಾ, ನಿನ್ನನ್ನು ಯಾರು ಆಡಿಸುತ್ತಿದ್ದಾರೆ?”