ನಿಂತ ಬಸ್ಸಿನ ಪರವಾನಗಿ

ಹಿರೇಕಣಿವೆ ಎಂಬ ಪುಟ್ಟ ಸಂಸ್ಥಾನಕ್ಕೆ ಮೊದಲ ಡೀಸೆಲ್ ಬಸ್ಸು ಬಂದ ಕಾಲ. ಬಸ್ಸು ಸಾಹುಕಾರ್ ದುಗ್ಗಣ್ಣನದು. ಅದು ನೇಕಾರರ ಬೀದಿಯ ಏರು ಹತ್ತಿತೆಂದರೆ ಎದುರುಮನೆ ಕಾಣದಷ್ಟು ಕಪ್ಪು ಹೊಗೆ. ದೂರು ಹೆಚ್ಚಾದಾಗ ರಾಜರು, "ಹೊಗೆ ಕಾರುವ ಬಸ್ಸಿಗೆ ನನ್ನ ಊರಲ್ಲಿ ಪರವಾನಗಿ ಇಲ್ಲ" ಎಂದುಬಿಟ್ಟರು.

ದುಗ್ಗಣ್ಣ ನಗುನಗುತ್ತಲೇ ಆಸ್ಥಾನಕ್ಕೆ ಬಂದ.

"ನನ್ನ ಬಸ್ಸಿನಲ್ಲಿ ಹೊಗೆಯೇ, ಮಹಾಸ್ವಾಮಿ? ದೇವರ ಮುಂದಿನ ಊದುಬತ್ತಿ ಅದಕ್ಕಿಂತ ಹೆಚ್ಚು ಹೊಗೆ ಬಿಡುತ್ತೆ. ಬೇಕಾದರೆ ಪರೀಕ್ಷೆ ಮಾಡಿಸಿ."

ಸಾರಿಗೆ ಅಧಿಕಾರಿ ಸುಬ್ಬಕೃಷ್ಣಯ್ಯ ನಿಯಮದಂತೆ ಪರೀಕ್ಷೆ ಮಾಡಿದರು. ಬಸ್ಸು ಅರಮನೆ ಅಂಗಳದಲ್ಲಿ ನಿಂತಿರಬೇಕು, ಒಳಗೆ ಯಾರೂ ಕೂತಿರಬಾರದು, ಎಂಜಿನ್ ಮೆಲ್ಲಗೆ ಗುರುಗುಡುತ್ತಿರಬೇಕು. ಅಧಿಕಾರಿಗಳು ಹೊಗೆ ಕೊಳವೆಗೆ ಬಿಳಿ ಕರವಸ್ತ್ರ ಹಿಡಿದರು. ಅದು ಬೆಳ್ಳಗೇ ಉಳಿಯಿತು.

ಅಷ್ಟರಲ್ಲಿ ನೇಕಾರರ ಬೀದಿಯ ನಿಂಗಾಜಮ್ಮ ನೂಲಿನ ಕಂತೆ ಹೊತ್ತು ಬಂದು ರಾಜರ ಮುಂದೆ ಇಟ್ಟಳು.

"ಗಂಜಿ ಹಾಕಿ ಬೀದಿಯಲ್ಲಿ ಒಣಗಿಸಿದ್ದ ನೂಲು, ಬುದ್ಧಿ. ಬೆಳಗ್ಗೆ ಬೆಳ್ಳಗಿತ್ತು, ಬಸ್ಸು ಹೋದಮೇಲೆ ಹಿಂಗಾಯ್ತು. ನನ್ನ ಯಜಮಾನರು ಕೆಮ್ಮಿ ಕೆಮ್ಮಿ ಮಗ್ಗದ ಮುಂದೆ ಕೂರೋಕೇ ಆಗ್ತಿಲ್ಲ."

ರಾಜರಿಗೆ ಕಸಿವಿಸಿಯಾಯಿತು. ಒಂದು ಕೈಯಲ್ಲಿ ಬಿಳಿ ಕರವಸ್ತ್ರ, ಇನ್ನೊಂದು ಕೈಯಲ್ಲಿ ಕರಿ ನೂಲು. ಅವರು ಆಸ್ಥಾನದ ಮಾತುಗಾರ ಅಣ್ಣಾಜಯ್ಯನ ಕಡೆ ನೋಡಿದರು.

ಅಣ್ಣಾಜಯ್ಯ ಎದ್ದು ಕೈಮುಗಿದ. "ಇಷ್ಟು ಶುದ್ಧವಾದ ಬಸ್ಸು ಇಟ್ಟವರಿಗೆ ಸನ್ಮಾನ ಆಗಬೇಕು, ಪ್ರಭು. ಸಾಹುಕಾರರಿಗೆ ಬಿಳಿ ರೇಷ್ಮೆ ಅಂಗಿ ತೊಡಿಸೋಣ. ಬಸ್ಸಿನ ಹಿಂದುಗಡೆ, ಹೊಗೆ ಕೊಳವೆ ಪಕ್ಕದಲ್ಲೇ ಕುರ್ಚಿ ಕಟ್ಟಿ ಕೂರಿಸೋಣ. ಬಸ್ಸಿನ ತುಂಬ ಜನ ಹತ್ತಲಿ. ನೇಕಾರರ ಬೀದಿಯ ಏರಿನಲ್ಲಿ ಮೆರವಣಿಗೆ ಹೋಗಲಿ."

ದುಗ್ಗಣ್ಣನ ಮುಖದ ನಗು ಇಳಿಯಿತು. "ಅಷ್ಟೆಲ್ಲ ಯಾಕೆ, ಅಣ್ಣಾಜಯ್ಯನವರೇ? ನಾನು ಸರಳ ಮನುಷ್ಯ."

"ರಾಜರ ಮನೆ ಮರ್ಯಾದೆ ಬೇಡ ಅನ್ನಬಾರದು, ಸಾಹುಕಾರರೇ."

ಅಂಗಿ ಬಂತು, ಕುರ್ಚಿ ಬಂತು, ಜನ ಹತ್ತಿದರು. ದುಗ್ಗಣ್ಣ ಮೆಲ್ಲಗೆ ಡ್ರೈವರ್ ಹತ್ತಿರ ಹೋಗಿ, "ಆ ಒಳ್ಳೆ ಎಣ್ಣೆ ಡಬ್ಬದ ನಲ್ಲಿಯನ್ನೇ ತೆರೆದಿಡೋ" ಎಂದು ಪಿಸುಗುಟ್ಟಿದ.

ಡ್ರೈವರ್ ಬೋರಯ್ಯನಿಗೆ ಎಂಜಿನ್ ಸದ್ದಿನಲ್ಲಿ ಕೂಗಿ ಮಾತಾಡಿಯೇ ರೂಢಿ.

"ಆ ಒಳ್ಳೆ ಎಣ್ಣೆ ಏರು ಹತ್ತೋಕೆ ಸಾಲಲ್ಲ, ಧಣಿ. ಅಂಗಳದಲ್ಲಿ ನಿಲ್ಲೋಕೆ ಅಂತ ಒಂದು ಡಬ್ಬ ಮಾತ್ರ ತುಂಬಿಸಿದ್ರಲ್ಲ. ಅದೂ ಈಗ ಮುಗೀತು. ಇನ್ನು ಆ ಕರಿ ಎಣ್ಣೆಯೇ."

ಅಂಗಳದಲ್ಲೇ ಕೂತಿದ್ದ ರಾಜರು ಎದ್ದು ನಿಂತರು.

ದುಗ್ಗಣ್ಣ ಬೆವರು ಒರೆಸಿಕೊಂಡನಾದರೂ ಪಟ್ಟು ಬಿಡಲಿಲ್ಲ. "ನಿಯಮದಲ್ಲಿ ನನ್ನ ತಪ್ಪೇನು, ಮಹಾಸ್ವಾಮಿ? ಅಂಗಳದಲ್ಲಿ, ಖಾಲಿಯಾಗಿ, ನಿಂತಲ್ಲೇ ಹೊಗೆ ಬಿಡಬಾರದು ಅಂದಿರಿ. ಬಿಡಲಿಲ್ಲ. ಏರಿನ ಮಾತು ಯಾರೂ ಕೇಳಲಿಲ್ಲ. ನನ್ನ ಪರವಾನಗಿ ನನಗೆ ಬರಬೇಕು."

ಸುಬ್ಬಕೃಷ್ಣಯ್ಯನವರೂ ತಲೆ ಕೆರೆದುಕೊಂಡು, "ನಿಯಮ ಹಾಗೇ ಇದೆ, ಪ್ರಭು" ಎಂದರು.

"ಸಾಹುಕಾರರು ಹೇಳೋದು ನ್ಯಾಯವೇ" ಎಂದ ಅಣ್ಣಾಜಯ್ಯ. "ಪರವಾನಗಿ ಕೊಟ್ಟುಬಿಡಿ, ಪ್ರಭು. ಪರೀಕ್ಷೆ ಹೇಗಾಯಿತೋ ಹಾಗೇ ಕೊಡಿ. ಬಸ್ಸು ಅರಮನೆ ಅಂಗಳದಲ್ಲಿ, ಖಾಲಿಯಾಗಿ, ನಿಂತಲ್ಲೇ ನಿಂತಿರಬಹುದು."

ರಾಜರ ಮೀಸೆ ಅಲುಗತೊಡಗಿತು.

ದುಗ್ಗಣ್ಣ ಅಳುಮುಖ ಮಾಡಿದ. "ನಿಂತ ಬಸ್ಸಿಗೆ ಯಾರು ಟಿಕೆಟ್ ತಗೋತಾರೆ, ಅಣ್ಣಾಜಯ್ಯನವರೇ?"

"ನಮ್ಮ ಸಾರಿಗೆ ಅಧಿಕಾರಿಗಳು ತಗೋತಾರೆ. ಬಸ್ಸು ಇರೋದೇ ನಿಲ್ಲೋದಕ್ಕೆ ಅಂತ ನಂಬಿರೋರು ಊರಲ್ಲಿ ಅವರೊಬ್ಬರೇ."

ರಾಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಬ್ಬಕೃಷ್ಣಯ್ಯನವರೂ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಿಂಗಾಜಮ್ಮನಿಗೆ ಸಾಹುಕಾರನಿಂದ ಹೊಸ ನೂಲು, ಅವಳ ಯಜಮಾನರಿಗೆ ಅರಮನೆ ವೈದ್ಯರಿಂದ ಮದ್ದು ಎಂದು ಅಪ್ಪಣೆಯಾಯಿತು. ಇನ್ನು ಮುಂದೆ ಬಸ್ಸಿನ ಪರೀಕ್ಷೆ ನೇಕಾರರ ಬೀದಿಯ ಏರಿನಲ್ಲೇ, ಜನ ತುಂಬಿಸಿಕೊಂಡು, ಹೇಳದೆ ಕೇಳದೆ ನಡೆಯಬೇಕೆಂದೂ ಆಯಿತು. ಆ ಬಿಳಿ ರೇಷ್ಮೆ ಅಂಗಿಯನ್ನು ರಾಜರು ಅಣ್ಣಾಜಯ್ಯನಿಗೇ ಕೊಟ್ಟರು.