ಕೆಳಗಿನೂರಿನ ತೀರ್ಥ

ಪೂಜ್ಯ ಶ್ರೀ ಚೆನ್ನಮಲ್ಲಜ್ಜನವರು ಹಳ್ಳದ ದಂಡೆಯ ಮಠದಲ್ಲಿ, ತಗಡಿನ ಚಪ್ಪರದ ಕೆಳಗೆ, ದಾಸೋಹಕ್ಕೆ ಮುತ್ತಲದ ಎಲೆ ಹಚ್ಚುತ್ತ ಕುಳಿತಿರುತ್ತಿದ್ದರು. ಕಂಡವರಿಗೆ ಇವರೇ ಸ್ವಾಮಿಗಳೆಂದು ಗೊತ್ತಾಗುತ್ತಿರಲಿಲ್ಲ. ಗೊತ್ತು ಮಾಡಿಸುವ ಕೆಲಸವನ್ನು ಮಠದ ಪಾರುಪತ್ಯಗಾರ ವೀರಬಸಯ್ಯನವರು ವಹಿಸಿಕೊಂಡಿದ್ದರು.

ಆ ದಿನ ವೀರಬಸಯ್ಯನವರಿಗೆ ತಲೆ ಚಿಟ್ಟು ಹಿಡಿದಿತ್ತು. ನೀರು ಪರೀಕ್ಷೆಯ ಅಧಿಕಾರಿ ಕಸ್ತೂರಿಬಾಯಿ ಮತ್ತೆ ಬಂದಿದ್ದರು. ಹಳ್ಳದ ನೀರನ್ನು ಮದ್ದು ಹಾಕಿದ ಶೀಶೆಯಲ್ಲಿ ತುಂಬಿಕೊಂಡು ಹೋಗುವುದು, ಹೊಲಸು ಬೆರೆತದ್ದಕ್ಕೆ ಅದು ಕಪ್ಪಾಯಿತೆಂದು ತಂದು ತೋರಿಸುವುದು, ಮಠದ ಶೌಚದ ಹೊಲಸು ಹಳ್ಳ ಸೇರುತ್ತಿದೆ, ಕಾಲುವೆ ಮುಚ್ಚಿ ಎನ್ನುವುದು. ಬಂದಾಗೆಲ್ಲ ಇದೇ ಹಾಡು. ಅಲ್ಲ, ಅಜ್ಜನವರ ಪಾದ ತೊಳೆದ ನೀರು ಹರಿಯುವುದೂ ಅದೇ ಕಾಲುವೆಯಲ್ಲಿ. ಪಾದೋದಕ ಬೆರೆತ ಮೇಲೆ ಹೊಲಸು ಎಲ್ಲಿ ಉಳಿಯಿತು? ಶಂಖದಿಂದ ಬಂದರೆ ತೀರ್ಥ ಎನ್ನುತ್ತದೆ ಲೋಕ. ವೀರಬಸಯ್ಯನವರಿಗೆ ಮಠದ ಬಚ್ಚಲಿನಿಂದ ಬಂದದ್ದೂ ತೀರ್ಥವೇ. ಕೆಳಗಿನೂರಿನವರಿಗೂ ಹಾಗೆಂದೇ ಹೇಳಿದ್ದರು. ಅವರು ಕಣ್ಣಿಗೊತ್ತಿಕೊಂಡು, ಕಾಸದೆ ಸೋಸದೆ ಕುಡಿಯುತ್ತಿದ್ದರು. ಇಂಥ ಭಕ್ತಿಗೆ ಏನೆನ್ನಬೇಕೋ ತಿಳಿಯದು. ಅಜ್ಜನವರಿಗೆ ಮಾತ್ರ ಇದ್ಯಾವುದನ್ನೂ ಯಾರೂ ಅರಿಕೆ ಮಾಡಿರಲಿಲ್ಲ.

ಕಸ್ತೂರಿಬಾಯಿಯವರ ಸಹನೆಯೂ ತೀರಿತ್ತು. ಕೆಳಗಿನೂರಿನ ಮಕ್ಕಳಿಗೆ ವಾಂತಿಭೇದಿ ಹತ್ತಿದೆ, ಒಂದು ಕೂಸು ದವಾಖಾನೆಯಲ್ಲಿ ಕಣ್ಣು ಬಿಡುತ್ತಿಲ್ಲ ಎಂದು ಚಪ್ಪರಕ್ಕೆ ಕೇಳುವಂತೆಯೇ ಹೇಳಿದರು.

"ತೀರ್ಥಾನೂ ಪರೀಕ್ಷಾ ಮಾಡ್ತೀರೇನ್ರಿ ಬಾಯಾರ? ಅಜ್ಜಾರ ಪಾದೋದಕ ಕೂಡಿದ ನೀರದು," ಎಂದು ವೀರಬಸಯ್ಯನವರು ರೇಗಿದರು.

ಎಲೆ ಹಚ್ಚುತ್ತಿದ್ದ ಕೈ ನಿಂತಿತು. ಅಜ್ಜನವರು ವೀರಬಸಯ್ಯನವರನ್ನು ಕರೆದು, ಕಾಲುವೆ ಹಳ್ಳಕ್ಕೆ ಬೀಳುವ ಜಾಗದಿಂದ ಒಂದು ತಂಬಿಗೆ ನೀರು ತರಲು ಅಪ್ಪಣೆ ಮಾಡಿದರು.

ವೀರಬಸಯ್ಯನವರು ಅತ್ತ ಕಾಲಿಟ್ಟು ವರ್ಷಗಳಾಗಿದ್ದವು. ಪೂಜೆಯ ನೀರು ಬರುತ್ತಿದ್ದುದು ಮೇಲಿನ ಮಡುವಿನಿಂದ. ಬಗ್ಗಿದಾಗ ನಾತಕ್ಕೆ ಮೂಗಿಗೆ ಶಲ್ಯ ಒತ್ತಿಕೊಂಡರು. ಆದರೆ ಆ ಹೆಣ್ಣುಮಗಳ ಮುಂದೆ ಸೋಲುವುದುಂಟೆ? ತಂಬಿಗೆ ತುಂಬಿಯೇ ತಂದರು.

ಅಜ್ಜನವರು ಅದನ್ನು ಹಣೆಗೆ ಮುಟ್ಟಿಸಿ ತುಟಿಯ ಹತ್ತಿರ ಒಯ್ದರು. ವೀರಬಸಯ್ಯನವರು ಮುಂದೆ ನುಗ್ಗಿದರು. ಗುರುಗಳ ಕೈಗೆ ಕೈ ಹಾಕುವುದು ಅಪಚಾರವೆಂಬುದನ್ನೂ ಮರೆತು ಗಟ್ಟಿಯಾಗಿ ಹಿಡಿದುಕೊಂಡರು.

"ಬ್ಯಾಡ್ರಿ ಯಪ್ಪಾ. ಕುಡಿಯೂ ನೀರಲ್ಲ ಅದು."

"ನನಗ ಬ್ಯಾಡಾದ ನೀರು ಆ ಕೂಸಿಗೆ ಹ್ಯಾಂಗ ತೀರ್ಥ ಆತೋ, ವೀರಬಸಯ್ಯಾ?"

ಅಪ್ಪಣೆ ಕೊಟ್ಟೇ ಅಭ್ಯಾಸವಾಗಿದ್ದ ವೀರಬಸಯ್ಯನವರು ತಾವೇ ಸಲಿಕೆ ಹಿಡಿದು ಕಾಲುವೆಗೆ ಮಣ್ಣು ಎಳೆದರು. ಹೊಲಸಿಗೆ ದೂರದಲ್ಲಿ ಗುಂಡಿ ತೋಡಿಸುವುದು ಹೇಗೆಂದು ಕಸ್ತೂರಿಬಾಯಿಯವರನ್ನೇ ಕೈಮುಗಿದು ಕೇಳಿದರು. ಆಮೇಲೆ ಕೆಸರುಗಾಲಿನಲ್ಲೇ ಕೆಳಗಿನೂರಿಗೆ ನಡೆದರು.

ಊರ ಬಾಗಿಲಲ್ಲಿ ಮುದುಕಿಯೊಬ್ಬಳು ಹಳ್ಳದಿಂದ ಕೊಡ ತುಂಬಿಕೊಂಡು ಬರುತ್ತಿದ್ದಳು. ಮಠದವರನ್ನು ಕಂಡು ಕೊಡ ಇಳಿಸಿ ಕೈಮುಗಿದಳು. ವೀರಬಸಯ್ಯನವರು ಆ ಕೊಡವನ್ನು ಬೋರಲು ಹಾಕಿದರು.

"ತೀರ್ಥ ಯಾಕ ಚೆಲ್ಲಿದ್ರಿ ಯಪ್ಪಾ?" ಎಂದು ಮುದುಕಿ ಕಂಗಾಲಾದಳು.

"ತೀರ್ಥ ಅಲ್ಲವ್ವಾ," ಎಂದರು ಪಾರುಪತ್ಯಗಾರರು. "ನಮ್ಮ ಪಾಯಖಾನಿ ನೀರು. ನಾನ ನಿಮಗ ಕುಡಿಸೀನಿ."